ಸೋತವನೇ ಮೊದಲು ಮಾತಾಡಬೇಕು

ಜೈಲಿಗೆ ಚೆಸ್ ಕಾಯಿಗಳನ್ನು ತೆಗೆದುಕೊಂಡು ಹೋದ ಮೊದಲ ದಿನವೇ ಗೇಟಿನಲ್ಲಿ ಜಗಳ ಮಾಡಿಕೊಂಡೆ. ಒಳ್ಳೆಯ ಚೆಸ್ ಕಾಯಿಯ ಬುಡದಲ್ಲಿ ಕಬ್ಬಿಣದ ಒಂದು ಬಿಲ್ಲೆ ಇರುತ್ತದೆ, ಕಾಯಿ ಅಲ್ಲಾಡದೆ ನಿಲ್ಲಲಿ ಎಂದು. ಗೇಟಿನಲ್ಲಿದ್ದ ಸಿಬ್ಬಂದಿ ಒಂದೊಂದು ಕಾಯಿಯ ಬುಡದ ಹಸಿರು ಬಟ್ಟೆಯನ್ನೂ ಕಿತ್ತು, ಬಿಲ್ಲೆಗಳನ್ನೆಲ್ಲ ಹೊರಗೆ ತೆಗೆದು, ತನ್ನ ಮೇಜಿನ ಮೇಲೆ ಗುಡ್ಡೆ ಹಾಕಿಕೊಂಡ. "ಮೇಡಂಜೀ, ಲೋಹ ಒಳಗೆ ಬಿಡೋ ಹಾಗಿಲ್ಲ" ಎಂದ. ಸರ್ಕಾರಿ ನಿಯಮಗಳನ್ನು ಇನ್ನೊಬ್ಬರಿಗೆ ಹೇಳಿಯೇ ತಲೆ ಬೆಳ್ಳಗೆ ಮಾಡಿಕೊಂಡವಳು ನಾನು. ಅದನ್ನೇ ಬೇರೆಯವರ ಬಾಯಲ್ಲಿ ಕೇಳಿದರೆ ಮೈ ಉರಿಯುತ್ತದೆ. ಆದರೂ ಹಗುರವಾದ ಆ ಪ್ಲಾಸ್ಟಿಕ್ ಕಾಯಿಗಳನ್ನೇ ಚೀಲಕ್ಕೆ ತುಂಬಿಕೊಂಡು ಒಳಗೆ ಹೋದೆ.

ಫ್ಯಾನ್ ಹಾಕಿದರೆ ಕಾಯಿಗಳೆಲ್ಲ ಬಿದ್ದುಹೋಗುತ್ತಿದ್ದವು. ಹಾಗಾಗಿ ದಿಲ್ಲಿಯ ಮೇ ತಿಂಗಳಲ್ಲಿ ಫ್ಯಾನ್ ಆರಿಸಿಕೊಂಡು ಪಾಠ ಮಾಡಬೇಕಾಯಿತು. ಕೆಲವೇ ದಿನಗಳಲ್ಲಿ ಕೈದಿಗಳೇ ಅದಕ್ಕೊಂದು ದಾರಿ ಹುಡುಕಿದರು. ಸ್ನಾನ ಮಾಡಿ ಉಳಿದ ಸೋಪಿನ ಚೂರುಗಳನ್ನು ನೆನೆಸಿ, ಕಾಯಿಗಳ ಬುಡಕ್ಕೆ ಒತ್ತಿ ತುಂಬಿ, ಬಿಸಿಲಿಗಿಟ್ಟು ಒಣಗಿಸಿದರು. ಅಂದಿನಿಂದ ನಮ್ಮ ರಾಜ, ಮಂತ್ರಿ, ಆನೆ, ಕುದುರೆಗಳೆಲ್ಲ ಸೋಪಿನ ವಾಸನೆ ಹೊಡೆಯತೊಡಗಿದವು.

ನಾನಿರುವುದು ದಿಲ್ಲಿಯ ದ್ವಾರಕಾದಲ್ಲಿ. ಮದುವೆಯಾಗಿ ಮೈಸೂರಿನಿಂದ ಬಂದವಳು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ, ಸೆಕ್ಷನ್ ಆಫೀಸರ್ ಆಗಿ ನಿವೃತ್ತಳಾದೆ. ಚೆಸ್ ಅಪ್ಪ ಕಲಿಸಿದ್ದು. ಇಲ್ಲಿ ಕಚೇರಿ ಕಚೇರಿಗಳ ನಡುವೆ ಪಂದ್ಯಗಳಾಗುತ್ತಿದ್ದವು. ಸೀರೆ ಉಟ್ಟ ಹೆಂಗಸು ಎದುರಿಗೆ ಬಂದು ಕೂತಳೆಂದು ಮುಸಿಮುಸಿ ನಕ್ಕವರಲ್ಲಿ ಎಷ್ಟೋ ಜನ ಆಮೇಲೆ ಕರ್ಚೀಫು ತೆಗೆದು ಬೆವರು ಒರೆಸಿಕೊಂಡಿದ್ದಾರೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ. ನಿವೃತ್ತಿಯ ನಂತರ ಹಳೆಯ ಸಹೋದ್ಯೋಗಿಯೊಬ್ಬರು ತಮ್ಮ ಗುಂಪಿನ ಜೊತೆ ಜೈಲಿನಲ್ಲಿ ಚೆಸ್ ಕಲಿಸಲು ಕರೆದರು. ನಮ್ಮ ಮನೆಯವರು, "ಹೋಗು, ಆದ್ರೆ ಜೈಲಿಗೆ ಹೋಗ್ತಿದೀನಿ ಅಂತ ಲಿಫ್ಟಲ್ಲಿ ಎಲ್ರಿಗೂ ಹೇಳ್ಕೊಂಡು ತಿರುಗಬೇಡ" ಎಂದರು.

ಮೊದಲ ವಾರ ಒಬ್ಬ ಅಧಿಕಾರಿ ಗೋಡೆಗೆ ಬ್ಯಾನರ್ ಕಟ್ಟಿಸಿ, ಚೆಸ್ ಹೇಗೆ ಬದುಕನ್ನೇ ಬದಲಾಯಿಸುತ್ತದೆ ಎಂದು ಉದ್ದನೆಯ ಭಾಷಣ ಮಾಡಿದರು. ನಾನು ಯಾರ ಬದುಕನ್ನು ಬದಲಾಯಿಸಲೂ ಹೋಗಿರಲಿಲ್ಲ. ನೆಟ್ಟಗೆ ಆಡುವುದನ್ನು ಕಲಿತರೆ ಸಾಕು ಎಂದಷ್ಟೇ ನನ್ನ ಮನಸ್ಸಿನಲ್ಲಿತ್ತು.

ನೆಟ್ಟಗೆ ಆಡುವುದರಲ್ಲಿ ಆಟ ಮುಗಿದ ಮೇಲಿನ ಕೆಲಸವೂ ಸೇರಿದೆ. ಕಾಯಿಗಳನ್ನು ಮತ್ತೆ ಹಿಂದಿನ ಜಾಗಕ್ಕಿಟ್ಟು, ಎಲ್ಲಿ ಎಡವಿದೆವು ಎಂದು ಇಬ್ಬರೂ ಕೂಡಿ ನೋಡಬೇಕು. ನಮ್ಮ ಕಚೇರಿಯ ತಂಡದಲ್ಲಿ ಇದಕ್ಕೊಂದು ಕಟ್ಟುಪಾಡಿತ್ತು. ಸೋತವನೇ ಮೊದಲು ಮಾತಾಡಬೇಕು, ಗೆದ್ದವನು ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ಸೋತವನು ತನ್ನ ನಡೆಗಳ ವಿಚಾರ ಮಾತ್ರ ಹೇಳಬೇಕು. ಅವನು ಹಾಗೆ ಮಾಡಿದ, ಇವನು ಸದ್ದು ಮಾಡಿದ ಎನ್ನುವುದೆಲ್ಲ ನಡೆಯುವುದಿಲ್ಲ. ಇದನ್ನೇ ಜೈಲಿನಲ್ಲೂ ಜಾರಿಗೆ ತಂದೆ.

ಅದು ಎಷ್ಟು ಕಷ್ಟ ಎನ್ನುವುದು ಅಲ್ಲಿ ಗೊತ್ತಾಯಿತು. ಮಂತ್ರಿ ಹೋದರೆ ಪಕ್ಕದವನು ಕೆಮ್ಮಿದ್ದು ಕಾರಣ. ಆನೆ ಹೋದರೆ ಹಿಂದಿನ ದಿನ ವಕೀಲ ಬಾರದಿದ್ದದ್ದು ಕಾರಣ. ಒಬ್ಬನಂತೂ ತನ್ನ ಸೋಲಿಗೆ ಬೆಳಗಿನ ದಾಲ್ ಕಾರಣ ಎಂದು ವಾದಿಸಿದ. ನಾನು ಬಿಡುತ್ತಿರಲಿಲ್ಲ. "ಅದು ದಾಲ್ ನಡೆ. ನಿನ್ನ ನಡೆ ಹೇಳು" ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ.

ಒಂದು ದಿನ ಯಾರೋ ಮಂತ್ರಿಯನ್ನು ಬಿಟ್ಟಿ ಕೊಟ್ಟಾಗ ಸಿಟ್ಟಿನಲ್ಲಿ ನನ್ನ ಬಾಯಿಂದ ಕನ್ನಡ ಬಂದುಬಿಟ್ಟಿತು. "ಅಯ್ಯೋ ದಡ್ಡ ಮುಂಡೇದೇ, ಮಂತ್ರಿ ಹೋಯ್ತಲ್ಲೋ!" ಯಾರಿಗೂ ಅರ್ಥವಾಗಲಿಲ್ಲ. ಮೂಲೆಯಲ್ಲಿದ್ದ ಒಬ್ಬ ಮಾತ್ರ ಕಿಸಕ್ಕೆಂದು ನಕ್ಕ.

"ಆಂಟೀ, ನಮ್ಮಮ್ಮನೂ ಸೇಮ್ ಹೀಗೇ ಬೈತಾರೆ" ಎಂದ.

ಮೂವತ್ತು ದಾಟಿದ ಮನುಷ್ಯ. ಮೂಲ ತುಮಕೂರು ಕಡೆ. ಹುಟ್ಟಿ ಬೆಳೆದದ್ದು ಇಲ್ಲೇ ದಿಲ್ಲಿಯ ಪೀತಮ್‌ಪುರದಲ್ಲಿ. ತಂದೆ ಸರ್ಕಾರಿ ಗುಮಾಸ್ತರಾಗಿದ್ದು ತೀರಿಕೊಂಡಿದ್ದರು. ಕನ್ನಡದಲ್ಲಿ ಶುರು ಮಾಡಿದ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಹಿಂದಿಗೆ ಹೊರಳುತ್ತಿತ್ತು. ಹುಡುಗುತನದ ನಗು. ನಕ್ಕ ಮೇಲೆ ತಪ್ಪು ಮಾಡಿದವನ ಹಾಗೆ ತಟ್ಟನೆ ನಿಲ್ಲಿಸಿಬಿಡುತ್ತಿದ್ದ. ಅಲ್ಲಿ ಯಾರನ್ನೂ ಯಾವ ಕೇಸು ಎಂದು ಕೇಳಬಾರದೆಂದು ನಮಗೆ ಮೊದಲೇ ಹೇಳಿದ್ದರು. ನಾನು ಕೇಳಲಿಲ್ಲ. ನನ್ನ ಭಾಷೆ ಆಡುವ ಒಬ್ಬ ಸಿಕ್ಕಿದನಲ್ಲ ಎಂದು ಖುಷಿಯಾಯಿತು. ಅವನಿಗೆ ಉಳಿದವರಿಗಿಂತ ಹೆಚ್ಚು ಬೈಗುಳ ಬೀಳತೊಡಗಿತು.

ಮಳೆಗಾಲದ ಒಂದು ಮಧ್ಯಾಹ್ನ ಅವನು ಗೆಲ್ಲಬೇಕಾಗಿದ್ದ ಆಟವನ್ನು ಸೋತ. ಅವನ ರಾಜ ಕೊನೆಯ ಸಾಲಿನಲ್ಲಿದ್ದ. ಮುಂದೆ ತನ್ನವೇ ಮೂರು ಕಾಲಾಳುಗಳು ಅಲ್ಲಾಡದೆ ನಿಂತಿದ್ದವು. ಎದುರಾಳಿಯ ಆನೆ ಆ ಸಾಲಿಗೆ ಇಳಿದು ಕೂತಿತು. ರಾಜನಿಗೆ ಹೋಗಲು ಜಾಗವೇ ಇರಲಿಲ್ಲ. ಹೊಸದಾಗಿ ಆಡುವವರೆಲ್ಲ ಒಂದಲ್ಲ ಒಂದು ಸಲ ಹೀಗೆ ಸೋಲುತ್ತಾರೆ.

"ಆನೆ ಬಂತಲ್ಲ ಆಂಟಿ, ಅಲ್ಲಿ ಸೋತೆ" ಎಂದ.

"ಅದು ಅವನ ನಡೆ. ನಿಂದು ಹೇಳು."

ಕಾಯಿಗಳನ್ನು ಒಂದೊಂದಾಗಿ ಹಿಂದಕ್ಕಿಡುತ್ತ ಹೋದ. ಬಹಳ ಹಿಂದಕ್ಕೆ ಹೋದ. ಒಂದು ಕಡೆ ಕೈ ನಿಂತಿತು. "ಇಲ್ಲಿ ಟೈಮ್ ಇತ್ತು. ಒಂದು ಪ್ಯಾದೆ ಮುಂದೆ ತಳ್ಳಿದ್ರೆ ರಾಜ ಹೊರಗೆ ಬರ್ತಿದ್ದ. ನಾನು ತಳ್ಳಲಿಲ್ಲ."

"ಮತ್ತೆ? ಎಲ್ಲಾ ಕಡೆ ಮುಚ್ಚಿಟ್ರೆ ಒಳಗಿರೋನು ಎಲ್ಲಿಂದ ಓಡ್ಬೇಕೋ? ಒಂದು ಬಾಗಿಲಾದ್ರೂ ತೆಗೆದಿಡಬೇಡ್ವಾ?" ಎಂದೆ. ಹೊಸಬರಿಗೆಲ್ಲ ನಾನು ಹೇಳುವ ಮಾತೇ ಅದು.

ಅವನು ಕೈಯಲ್ಲಿದ್ದ ಕಾಲಾಳನ್ನು ಮಣೆಯ ಮೇಲಿಟ್ಟು, ಎದ್ದು ಹೋಗಿ ಗೋಡೆಗೆ ಒರಗಿ ಕೂತ. ಪಾಠ ಮುಗಿಯುವವರೆಗೂ ತಲೆ ಎತ್ತಲಿಲ್ಲ. ನನಗೆ ಏನೂ ತಿಳಿಯಲಿಲ್ಲ. ಹುಷಾರಿಲ್ಲವೇನೋ ಎಂದುಕೊಂಡೆ.

ಮುಂದಿನ ಪಾಠಕ್ಕೆ ಬಂದಾಗ, ನಾನು ಕೇಳದೆಯೇ, ಮಣೆ ಜೋಡಿಸುತ್ತ ಕನ್ನಡದಲ್ಲಿ ಎಲ್ಲವನ್ನೂ ಹೇಳಿದ. ಸುತ್ತಲಿದ್ದವರಿಗೆ ಅರ್ಥವಾಗದಿರಲೆಂದು ಹಿಂದಿ ಪದ ಬಾರದಂತೆ ಎಚ್ಚರವಾಗಿ, ಪದಗಳಿಗೆ ತಡಕಾಡುತ್ತ ಹೇಳಿದ. ಅವನು ಮುಖರ್ಜಿ ನಗರದಲ್ಲಿ ಒಂದು ಕಟ್ಟಡ ಬಾಡಿಗೆಗೆ ಹಿಡಿದು, ಪರೀಕ್ಷೆಗೆ ಓದಲು ಬರುವ ಹುಡುಗರಿಗಾಗಿ ಹಾಸ್ಟೆಲ್ ನಡೆಸುತ್ತಿದ್ದ. ಹುಡುಗರು ತಾರಸಿಗೆ ಹೋಗಿ ಸಿಗರೇಟು ಸೇದುತ್ತಾರೆ, ಗಲಾಟೆ ಮಾಡುತ್ತಾರೆ ಎಂದು ಪಕ್ಕದ ಮನೆಯವರ ದೂರು. ಕೇಳಿ ಕೇಳಿ ರೋಸಿಹೋಗಿ, ಇನ್ನು ಮೇಲೆ ತಾರಸಿಯ ಬಾಗಿಲಿಗೆ ಬೀಗ ಹಾಕಿಡು ಎಂದು ವಾಚ್‌ಮನ್‌ಗೆ ಹೇಳಿದ್ದ. ಒಂದು ದಿನ ಮೆಟ್ಟಿಲ ಬುಡದ ಮೀಟರ್ ಬೋರ್ಡಿಗೆ ಬೆಂಕಿ ಹತ್ತಿತು. ಹೊಗೆ ತಡೆಯಲಾರದೆ ಹುಡುಗರು ಮೇಲಕ್ಕೆ ಓಡಿದರು. ಬೀಗದ ಕೈ ಕೆಳಗೆ ಗೇಟಿನಲ್ಲಿದ್ದ ವಾಚ್‌ಮನ್ ಬಳಿ ಇತ್ತು. ಅವನಿಗೆ ಹತ್ತಲಾಗಲಿಲ್ಲ. ಉಳಿದವರು ಹೇಗೋ ಕಿಟಕಿಗಳಿಂದ ಇಳಿದರು. ಒಬ್ಬ ಹುಡುಗ ತಾರಸಿಯ ಬಾಗಿಲ ಬಳಿಯೇ ಸತ್ತುಹೋದ.

"ಪೊಲೀಸರು ಕೇಳಿದಾಗ, ಬೀಗ ಹಾಕು ಅಂತ ನಾನು ಹೇಳೇ ಇಲ್ಲ ಅಂದೆ ಆಂಟಿ. ಬಾಯಿಂದ ಹಂಗೇ ಬಂದುಬಿಡ್ತು. ಆಮೇಲೆ ಎಲ್ಲಾರೂ ಅದನ್ನೇ ನಂಬಿದ್ರು. ಅಮ್ಮನೂ ನಂಬಿದ್ರು. ನಾನೂ ಅರ್ಧ ನಂಬಿದ್ದೆ."

ವಾಚ್‌ಮನ್ ಗಢ್ವಾಲದ ಬೆಟ್ಟಸೀಮೆಯ ಒಂದು ಹಳ್ಳಿಯವನು. ಮಾಲೀಕರೇ ಹೇಳಿದ್ದು ಎಂದು ಅವನು ಮೊದಲಿನಿಂದ ಹೇಳುತ್ತಿದ್ದ. ಆದರೆ ಸಾಕ್ಷಿ ಇರಲಿಲ್ಲ. ಇಬ್ಬರ ಮೇಲೂ ಕೇಸು ಇತ್ತು, ಇಬ್ಬರೂ ಅದೇ ಜೈಲಿನಲ್ಲಿ ಬೇರೆ ಬೇರೆ ಬ್ಯಾರಕ್‌ಗಳಲ್ಲಿದ್ದರು. ಇವನಿಗೆ ಒಳ್ಳೆಯ ವಕೀಲರಿದ್ದರು. ಬೀಗದ ವಿಷಯವೆಲ್ಲ ವಾಚ್‌ಮನ್ ತಲೆಗೆ ಹೋದರೆ ಇವನು ಬೇಗ ಹೊರಗೆ ಬರುತ್ತಾನೆ ಎಂದು ವಕೀಲರು ಭರವಸೆ ಕೊಟ್ಟಿದ್ದರು.

"ಕೋರ್ಟಲ್ಲಿ ನಿಜ ಹೇಳ್ತೀನಿ" ಎಂದ. "ನಾನೇ ಹೇಳಿದ್ದು ಅಂತ ಹೇಳ್ತೀನಿ. ಅವನನ್ನ ಬಿಟ್ಟುಬಿಡ್ತಾರೆ ಅಲ್ವಾ?"

ನನಗೆ ಕಾನೂನು ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ಆದರೆ ಅವನ ಮೇಲೆ ಅಂಥ ಪ್ರೀತಿ ಉಕ್ಕಿಬಂತೆಂದರೆ, ಪಕ್ಕದಲ್ಲಿ ಕಾವಲಿನವನು ಇಲ್ಲದಿದ್ದರೆ ತಲೆ ನೇವರಿಸಿಬಿಡುತ್ತಿದ್ದೆ. ಮನೆಗೆ ಬಂದು, ಬ್ಯಾನರ್ ಕಟ್ಟಿಸಿದ ಅಧಿಕಾರಿಯ ಮಾತು ಅಷ್ಟೇನೂ ಸುಳ್ಳಲ್ಲ ಎಂದು ನಮ್ಮವರಿಗೆ ಹೇಳಿದೆ. ಹೆಮ್ಮೆ ಬೇರೆ ಬಂದಿತ್ತು.

ಅವನು ಅದನ್ನೇ ತಾಯಿಗೂ ಹೇಳಿದ. ಮುಂದಿನ ವಾರ ಆಕೆ ಮೆಟ್ರೋ ಹತ್ತಿ ಪೀತಮ್‌ಪುರದಿಂದ ದ್ವಾರಕಾದವರೆಗೆ ನನ್ನನ್ನು ಹುಡುಕಿಕೊಂಡು ಬಂದರು. ಚೆಸ್ ಕಲಿಸುವ ಕನ್ನಡದ ಆಂಟಿ ಯಾರು ಎಂದು ಪರಿಚಯದವರಲ್ಲಿ ವಿಚಾರಿಸಿ ಮನೆ ಪತ್ತೆ ಮಾಡಿದ್ದರು. ಸಣ್ಣಗೆ, ಬಾಗಿದ ಹೆಂಗಸು. ಬರಿಗೈಯಲ್ಲಿ ಬರಬಾರದೆಂದು ಒಂದು ಡಬ್ಬಿ ಚಟ್ನಿಪುಡಿ ತಂದಿದ್ದರು. ಅದನ್ನು ನನ್ನ ಕೈಗೆ ಕೊಟ್ಟು, ಸೋಫಾದ ಅಂಚಿನಲ್ಲಿ ಕೂತು, ಅಳಲು ಶುರು ಮಾಡಿದರು.

"ನೋಡಿ ಇವ್ರೇ, ನನ್ನ ಮಗ ತಪ್ಪು ಮಾಡಿಲ್ಲ ಅಂತ ನಾನು ಹೇಳಲ್ಲ. ಈಗ ಗೊತ್ತಾಯ್ತಲ್ಲ. ಆದ್ರೆ ಮಗಳ ಮದುವೆ ಗೊತ್ತಾಗಿದೆ. ಗಂಡಿನ ಕಡೆಯವರು ತಪ್ಪೆಲ್ಲ ವಾಚ್‌ಮನ್‌ದು ಅಂತ ನಂಬ್ಕೊಂಡೇ ಒಪ್ಪಿರೋದು. ಇವನು ಕೋರ್ಟಲ್ಲಿ ಹೀಗೆ ಅಂದ್ರೆ ಅವ್ರು ಬಿಟ್ಟುಬಿಡ್ತಾರೆ. ಅವಳಿಗೂ ವಯಸ್ಸಾಗ್ತಾ ಬಂತು. ನೀವು ಹೇಳಿದ್ರೆ ಕೇಳ್ತಾನೆ. ಹೇಳಲೇಬೇಡ ಅನ್ನಬೇಡಿ. ಮದುವೆ ಮುಗಿಯೋ ತನಕ ತಡಿ ಅನ್ನಿ, ಅಷ್ಟೇ."

"ಆ ವಾಚ್‌ಮನ್ ಮನೇಲೂ ಹೆಂಡತಿ ಇರ್ತಾಳಲ್ಲ" ಎಂದೆ.

"ಇರ್ತಾಳೆ" ಎಂದರು. "ನನಗೆ ಗೊತ್ತಿಲ್ವಾ? ಗೊತ್ತಿದ್ದೇ ಕೇಳ್ತಿದೀನಿ."

ಎಂಥ ಮಾತಿಗೂ ಎದುರುತ್ತರ ಕೊಡುವವಳು ನಾನು. ಅಂದು ಮಾತ್ರ ಜಾರಿಕೊಂಡೆ. ತಡಿ ಎಂದು ಹೇಳುವುದೂ ಇಲ್ಲ, ತಡೀಬೇಡ ಎನ್ನುವುದೂ ಇಲ್ಲ, ಇದು ನಿಮ್ಮ ಮನೆಯ ವಿಷಯ ಎಂದೆ. ಕಾಫಿ ಮಾಡಿಕೊಟ್ಟೆ. ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು ಹೋದರು.

ಆಮೇಲೆ ಅವರೇ ಜೈಲಿಗೆ ಭೇಟಿಗೆ ಹೋಗಿ, ಗಾಜಿನ ಆಚೆ ಕೂತ ಮಗನನ್ನು ಕೇಳಿಕೊಂಡರಂತೆ. ಅವನು ಒಪ್ಪಿಕೊಂಡ. "ಬರೀ ಒಂದು ಕೋರ್ಟ್ ತಾರೀಖು ಆಂಟಿ" ಎಂದು ನನಗೆ ಹೇಳಿದ. "ಈ ಸಲದ್ದು ಹೋಗ್ಲಿ. ತಂಗಿ ಮದುವೆ ಆಗ್ಲಿ. ಮುಂದಿನ ತಾರೀಖಿಗೆ ಪಕ್ಕಾ." ನಾನು ತಲೆಯಾಡಿಸಿದೆ. ಆ ತಾಯಿಯ ಮೇಲೆ ಆಗಲೂ ನನಗೆ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ಮಗಳಿಗಾಗಿ ಬೇಡಿದರು. ಅವರ ಜಾಗದಲ್ಲಿ ನಾನಿದ್ದಿದ್ದರೂ ಬೇಡುತ್ತಿದ್ದೆ.

ಆ ದಿನಗಳಲ್ಲಿ ಅವನು ಚೆನ್ನಾಗಿ ಆಡುತ್ತಿದ್ದ. ಮೊದಲಿನ ಅವಸರವಿರಲಿಲ್ಲ. ಮನಸ್ಸು ಹಗುರಾಗಿತ್ತೆಂದು ಕಾಣುತ್ತದೆ. ನಿಜ ಹೇಳುವ ನಿರ್ಧಾರವೇ ನಿಜ ಹೇಳಿದಷ್ಟು ಸಮಾಧಾನ ಕೊಟ್ಟುಬಿಡುತ್ತದೆ. ವಾಚ್‌ಮನ್‌ನನ್ನು ನೋಡಿದೆಯಾ ಎಂದು ಒಮ್ಮೆ ಕೇಳಿದೆ. "ಡಿಸ್ಪೆನ್ಸರಿ ಲೈನಲ್ಲಿ ಕಾಣಿಸ್ದ ಆಂಟಿ. ಕೆಮ್ಮು ಅವನಿಗೆ. ನನ್ನನ್ನ ನೋಡಿ ನಮಸ್ತೆ ಮಾಡ್ದ. ಇನ್ನೂ ಸಾಬ್ ಅಂತಾನೆ" ಎಂದ. ನಕ್ಕ. ತಟ್ಟನೆ ನಿಲ್ಲಿಸಿದ.

ಮದುವೆ ತುಮಕೂರಿನಲ್ಲಿ ಚೆನ್ನಾಗಿ ಆಯಿತು. ಹೋಳಿಗೆ ಊಟದ ಫೋಟೋ ತಾಯಿ ನನಗೂ ಕಳಿಸಿದರು. ಫೋಟೋದಲ್ಲಿ ಅಣ್ಣ ನಿಲ್ಲಬೇಕಾದ ಜಾಗದಲ್ಲಿ ಸೋದರಮಾವ ನಿಂತಿದ್ದರು. ಮದುವೆಯ ನಂತರದ ತಾರೀಖಿನ ದಿನ ನ್ಯಾಯಾಧೀಶರು ರಜೆಯಲ್ಲಿದ್ದರು, ಮುಂದಕ್ಕೆ ಹೋಯಿತು. ಅದರ ಮುಂದಿನ ಸಲ ವಕೀಲರ ಮುಷ್ಕರ. ದಿಲ್ಲಿಯಲ್ಲಿ ಕೋರ್ಟಿನ ತಾರೀಖು ಎನ್ನುವುದು ಎಷ್ಟು ಗಟ್ಟಿ ಎಂದು ಇಲ್ಲಿದ್ದವರಿಗೆ ಗೊತ್ತೇ ಇದೆ. ಅಷ್ಟರಲ್ಲಿ ಚಳಿ ಬಂತು, ಮಂಜು ಮುಸುಕಿತು, ಹೊಗೆ ತುಂಬಿದ ಗಾಳಿಯಲ್ಲಿ ಊರೆಲ್ಲ ಕೆಮ್ಮತೊಡಗಿತು.

ಅಂಥ ಒಂದು ಬೆಳಗ್ಗೆ ನಾನು ಒಳಗೆ ಹೋದಾಗ ಮಣೆಗಳನ್ನು ಯಾರೂ ಬಿಚ್ಚಿರಲಿಲ್ಲ. ಅವನು ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಉಳಿದವರು ದೂರ ನಿಂತಿದ್ದರು. ದಾಲ್ ಮೇಲೆ ತಪ್ಪು ಹಾಕಿದ್ದ ಆ ಮನುಷ್ಯ ನನ್ನ ಬಳಿ ಬಂದು ಮೆಲ್ಲಗೆ ಹಿಂದಿಯಲ್ಲಿ ಹೇಳಿದ. ವಾಚ್‌ಮನ್ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಕ್ಷಯ. ಬಹಳ ದಿನಗಳಿಂದ ಇತ್ತಂತೆ.

ನಾನು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಮಂಡಿ ನೋವಿನವಳು ನೆಲದ ಮೇಲೆ ಕೂತರೆ ಏಳುವುದು ಕಷ್ಟ. ಆದರೂ ಕೂತೆ. ಅವನು ಅಳುತ್ತಿರಲಿಲ್ಲ, ಅತ್ತವಳು ನಾನು. ಮುಖವನ್ನೇ ನೋಡಿರದ ಒಬ್ಬ ಮನುಷ್ಯನಿಗಾಗಿ, ಇನ್ನೂ ಮೊದಲೇ ಸತ್ತ ಆ ವಿದ್ಯಾರ್ಥಿಗಾಗಿ, ಎದುರಿಗಿದ್ದ ಇವನಿಗಾಗಿ ಅತ್ತೆ.

"ಇನ್ನು ಹೇಳಿ ಏನು ಉಪಯೋಗ ಅಂತ ವಕೀಲರು ಅಂತಾರೆ" ಎಂದ. "ಅವನೇ ಇಲ್ಲ, ಈಗ ಎಲ್ಲಾ ಅವನ ಮೇಲೆ ಹಾಕಿಬಿಡೋದು ಇನ್ನೂ ಈಸಿ ಅಂತೆ."

"ನೀನೇನು ಅಂತೀಯ?"

"ಹೇಳ್ತೀನಿ."

ಆ ದಿನ ಬಂದೇ ಬಂತು. ಹಿಂದಿನ ಸಂಜೆ ಅವನ ತಾಯಿ ಫೋನ್ ಮಾಡಿ, "ನೀವೂ ಬನ್ನಿ ಇವ್ರೇ, ನನ್ನೊಬ್ಬಳ ಕೈಲಿ ಆಗಲ್ಲ" ಎಂದಿದ್ದರು. ಕೋರ್ಟಿನ ಹೊರಗಿನ ಉದ್ದನೆಯ ವರಾಂಡದಲ್ಲಿ ನಾವಿಬ್ಬರೂ ಒಂದು ಬೆಂಚಿನ ಮೇಲೆ ಕೂತಿದ್ದೆವು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಉಣ್ಣೆಯ ಶಾಲು, ನತ್ತು ತೆಗೆದ ಬೋಳು ಮೂಗು, ಕಾಲಲ್ಲಿ ಗಂಡಸರ ಬೂಟು. ಗಂಡ ತೀರಿಕೊಂಡ ಮೇಲೆ ಅವನ ಹೆಸರಿನ ಕೇಸು ಮುಚ್ಚಲು ಸಹಿ ಬೇಕೆಂದು ಕರೆಸಿದ್ದರಂತೆ. ಅವಳು ಯಾರೆಂದು ನಮಗೆ ಗೊತ್ತಾದದ್ದು ಒಳಗೆ ಕರೆದಾಗಲೇ.

ಒಳಗೆ ಅವನು ಹೇಳಿದ. ಬೀಗ ಹಾಕು ಎಂದು ಹೇಳಿದವನು ನಾನು, ಅವನು ತಾನಾಗಿ ಹಾಕಲಿಲ್ಲ, ಇಷ್ಟು ದಿನ ನಾನು ಸುಳ್ಳು ಹೇಳಿದೆ ಎಂದು ಹಿಂದಿಯಲ್ಲಿ, ಸ್ಪಷ್ಟವಾಗಿ, ತಡವರಿಸದೆ ಹೇಳಿದ. ಯಾರ ಮೇಲೂ ಏನನ್ನೂ ಹಾಕಲಿಲ್ಲ. ಅವನ ವಕೀಲರು ಹಣೆ ಚಚ್ಚಿಕೊಂಡರು. ತಾಯಿ ನನ್ನ ಮುಂಗೈಯನ್ನು ಹಿಡಿದುಕೊಂಡರು, ಬಿಡಲಿಲ್ಲ. ಹೇಳಿ ಮುಗಿಸಿದಾಗ ಅವನು ನನ್ನ ಕಡೆ ನೋಡಿದ. ಆಟ ಮುಗಿಸಿ, ತನ್ನ ನಡೆಯನ್ನು ತಾನೇ ತೋರಿಸಿ, ಸರಿಯಾ ಎಂದು ಕೇಳುವಾಗ ನೋಡುತ್ತಿದ್ದ ಹಾಗೆಯೇ ನೋಡಿದ. ನಾನು ತಲೆಯಾಡಿಸಿದೆ.

ಪೊಲೀಸರು ಅವನನ್ನು ವರಾಂಡಕ್ಕೆ ಕರೆತಂದಾಗ ಆ ಹೆಂಗಸೂ ಹೊರಗೆ ಬಂದು ಅವನ ಎದುರಿಗೆ ನಿಂತಳು. ಹೊಡೆಯುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡೆ. ಪೊಲೀಸರಿಗೂ ಹಾಗೇ ಅನಿಸಿ ಒಬ್ಬ ಕೈ ಅಡ್ಡ ಹಿಡಿದ. ಅವಳು ತನ್ನ ಬೆಟ್ಟದ ಹಿಂದಿಯಲ್ಲಿ ಒಂದೇ ಮಾತು ಕೇಳಿದಳು.

"ನೀವು ಇದನ್ನ ಹೇಳ್ತೀರಿ ಅಂತ ಅವರಿಗೆ ಗೊತ್ತಿತ್ತಾ?"

ಅವನೂ ಅವಳ ಗಂಡನೂ ಒಂದೇ ಜೈಲಿನಲ್ಲಿದ್ದರು. ಡಿಸ್ಪೆನ್ಸರಿಯ ಸಾಲಿನಲ್ಲಿ ಎದುರಾಗಿದ್ದರು. ನಿಂತಲ್ಲೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅದಕ್ಕೆ ನ್ಯಾಯಾಧೀಶರೂ ಬೇಕಿರಲಿಲ್ಲ, ತಾರೀಖೂ ಬೇಕಿರಲಿಲ್ಲ. ಗೊತ್ತಿತ್ತು ಅನ್ನೋ, ಗೊತ್ತಿತ್ತು ಅಂದುಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಷ್ಟು ದಿನ ಅವನಿಂದ ಒಂದೊಂದು ನಡೆಗೂ ನಿಜ ಹೇಳಿಸಿದ ನಾನು, ಆ ಹೊತ್ತಿನಲ್ಲಿ ಅವನು ಒಂದೇ ಒಂದು ಸುಳ್ಳು ಹೇಳಲಿ ಎಂದು ಬೇಡಿಕೊಂಡೆ.

"ಇಲ್ಲ" ಎಂದ ಅವನು. "ಅವನಿಗೆ ನಾನು ಹೇಳಲಿಲ್ಲ."

ಅವಳು ತಲೆಯಾಡಿಸಿದಳು. ಸಿಟ್ಟಿರಲಿಲ್ಲ. ಶಾಲನ್ನು ಎಳೆದು ಹೊದ್ದುಕೊಂಡು, ಅವನಿಗೋ ನಮಗೋ ಯಾರಿಗೆಂದು ಗೊತ್ತಾಗದಂತೆ ಹೇಳಿದಳು.

"ಕಡೇಕಡೇಗೆ ಫೋನ್ ಮಾಡಿದಾಗೆಲ್ಲ ಅವರೇ ಅಂತಿದ್ರು. ಸಾಬ್ ಹೇಳಿರಲಿಕ್ಕಿಲ್ಲ, ಎಲ್ಲಾರೂ ಹಾಗೇ ಅಂತಾರೆ, ನಾನೇ ಬೀಗ ಹಾಕಿರಬೇಕು, ನನಗೇ ನೆನಪು ತಪ್ಪಿರಬೇಕು ಅಂತ. ಆ ಹುಡುಗನ್ನ ನಾನೇ ಕೊಂದೆ ಅಂತ ಅಳ್ತಾ ಅಳ್ತಾ ಹೋದ್ರು."